ಜೈಲರನ ಕುರುವೂ ಹಡಗಿನ ಡಾಕ್ಟರೂ

ಪೆಲೆಗ್ ವೀಡನ್ ಡಾಕ್ಟರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಹೋದದ್ದರಿಂದಲೇ ಇಷ್ಟೆಲ್ಲ ಆಯಿತು. ಅವನು 'ಮರ್ಸಿ' ಎಂಬ ಎರಡು ಕಂಬದ ಹಡಗಿನ ಅಡುಗೆಯವನು. ಅಮೆರಿಕದ ಉತ್ತರ ತೀರದ ಪ್ರಾವಿಡೆನ್ಸಿನಿಂದ ಹೊರಡುವ ಹಡಗುಗಳಲ್ಲಿ ಅಡುಗೆಯವನನ್ನು ಡಾಕ್ಟರು ಎಂದೇ ಕರೆಯುವುದು. ಏಕೆಂದು ಯಾರಿಗೂ ಗೊತ್ತಿಲ್ಲ. ಹೊಟ್ಟೆ ಕೆಡಿಸುವವನಿಗೇ ಹೊಟ್ಟೆ ನೋಡುವವನ ಹೆಸರೂ ಇರಲಿ ಎಂದು ಹಿಂದೆ ಯಾವನೋ ಹಸಿದ ಖಲಾಸಿ ಇಟ್ಟಿರಬೇಕು. ಹದಿನೆಂಟು ವರ್ಷದಿಂದ ಕಪ್ತಾನನಿಗೂ ಡಾಕ್ಟರು, ಹಾಯಿ ಕಟ್ಟುವವನಿಗೂ ಡಾಕ್ಟರು. ಮನೆಯಲ್ಲಿ ಹೆಂಡತಿ ಫೀಬಿ ಒಬ್ಬಳೇ ಪೆಲೆಗ್ ಎನ್ನುವವಳು.

ಫೀಬಿಗೊಂದು ಅಭ್ಯಾಸ. ಗಂಡ ಸಮುದ್ರದಿಂದ ಬಂದು ಬಾಗಿಲಲ್ಲಿ ನಿಂತ ಕೂಡಲೇ, ಬೂಟು ಬಿಚ್ಚುವ ಮೊದಲೇ, "ಈ ಸಲ ಎಷ್ಟು?" ಎಂದು ಕೇಳುವುದು. ಎಷ್ಟು ಸುಳ್ಳು ಹೇಳಿದೆ ಎಂದರ್ಥ. ಬೇರೆ ಗಂಡಸಾದರೆ "ಒಂದೂ ಇಲ್ಲ" ಎಂದು ಅಲ್ಲೇ ಒಂದು ಸೇರಿಸಿ ಒಳಗೆ ಹೋಗುತ್ತಿದ್ದ. ಪೆಲೆಗ್ ಹಾಗಲ್ಲ. ಬೆರಳು ಮಡಚಿ ನೆನಪು ಮಾಡಿಕೊಂಡು ಹೇಳುವನು. ಹೋದ ಸಲ ಎರಡು. ಅದಕ್ಕೆ ಹಿಂದಿನ ಸಲ ಒಂದೂವರೆ. ಅರ್ಧ ಯಾವುದೆಂಬುದರ ಮೇಲೆ ಇಬ್ಬರಿಗೂ ರಾತ್ರಿಯೂಟದ ತನಕ ಚರ್ಚೆ ನಡೆದಿತ್ತು.

1826ರ ಆಗಸ್ಟಿನಲ್ಲಿ 'ಮರ್ಸಿ' ಈರುಳ್ಳಿ ಮತ್ತು ಒಣಮೀನು ಹೇರಿಕೊಂಡು ದಕ್ಷಿಣದ ಕ್ಯಾರೊಲೈನಾ ತೀರದ ಪೋರ್ಟ್ ಲಾರೆಲ್ ಬಂದರಿಗೆ ಬಂದು ಲಂಗರು ಹಾಕಿತು. ಲಂಗರು ತಳ ಮುಟ್ಟುವ ಮೊದಲೇ ಬಂದರಿನ ಪೇದೆಗಳು ಹಡಗು ಹತ್ತಿ ಪೆಲೆಗ್‌ನನ್ನು ಹಿಡಿದರು. ಆ ಊರಿನ ಕಾನೂನು ಹಾಗಿತ್ತು: ಹೊರಗಿನ ಹಡಗಿನಲ್ಲಿ ಯಾರಿಗೂ ಗುಲಾಮನಲ್ಲದ ಕಪ್ಪು ಖಲಾಸಿ ಬಂದರೆ, ಹಡಗು ಹಿಂದಿರುಗುವ ತನಕ ಅವನು ಜೈಲಿನಲ್ಲಿರಬೇಕು. ಅಂಥವನನ್ನು ಕಂಡರೆ ಊರಿನ ಗುಲಾಮರ ತಲೆ ಕೆಡುತ್ತದಂತೆ. ಹೊರಡುವಾಗ ಕಪ್ತಾನ ಜೈಲಿನ ಖರ್ಚು ಕೊಟ್ಟು ಬಿಡಿಸಿಕೊಂಡು ಹೋಗಬೇಕು. ಕೊಡದೆ ಹೋದರೆ ಅವನನ್ನು ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿ ಹರಾಜು ಹಾಕುತ್ತಾರೆ. ಹುಟ್ಟಿನಿಂದ ಯಾರ ಸೊತ್ತೂ ಆಗಿರದವನು ಆ ಮೆಟ್ಟಿಲಿಳಿಯುವಾಗ ಯಾರದೋ ಸೊತ್ತು.

'ಮರ್ಸಿ'ಯ ಕಪ್ತಾನ ಟ್ರಿಪ್ ದುಷ್ಟನಲ್ಲ, ಜಿಪುಣ. ಪೆಲೆಗ್‌ಗೆ ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಹತ್ತೊಂಬತ್ತು ದಿನ ಜೈಲಿನಲ್ಲಿ ಕುಳಿತು ಯೋಚಿಸಿದರೂ ತೀರ್ಮಾನವಾಗಿರಲಿಲ್ಲ.

ಜೊತೆಗೆ ಹಿಡಿದು ತಂದಿದ್ದವನು ಅದೇ ಹಡಗಿನ ಖಲಾಸಿ ಕ್ವಾಕೊ ಹಜಾರ್ಡ್. ಮೂವತ್ತರ ಆಳು, ಬಾಯಿಗೆ ಬೀಗವಿಲ್ಲ. ಅದೇ ಕೋಣೆಯಲ್ಲಿ ಇವರಿಗಿಂತ ಮೊದಲೇ ಇದ್ದ ಮೂರನೆಯವನು ಬಾರ್ಬಡೋಸಿನ ಮೋಸಸ್ ಗ್ರೀನಿಜ್, ಹಾಯಿ ಹೊಲಿಯುವವನು. ಅವನನ್ನು ತಂದ ಇಂಗ್ಲಿಷ್ ಹಡಗು ಅವನನ್ನು ಬಿಟ್ಟು ಹೋಗಿ ಐದು ವಾರವಾಗಿತ್ತು. ಬರುವ ಸೋಮವಾರ ಅವನ ಹರಾಜು. ಗ್ರೀನಿಜ್ ದಿನವಿಡೀ ಗೋಡೆಗೊರಗಿ ತನ್ನ ಒಂದೇ ಅಂಗಿಯನ್ನು ಹೊಲಿಯುತ್ತ ಕೂರುತ್ತಿದ್ದ. ಹರಿದದ್ದೆಲ್ಲ ಹೊಲಿದು ಮುಗಿದರೆ ಹೊಲಿಗೆ ಬಿಚ್ಚಿ ಮತ್ತೆ ಶುರು ಮಾಡುವನು.

ಜೈಲರ್ ಬಾಸ್ಕಮ್ ದಪ್ಪ ಕುತ್ತಿಗೆಯ, ಕೆಂಪು ಮುಖದ ಮನುಷ್ಯ. ನಾಲ್ಕು ದಿನದಿಂದ ಅವನ ನಡಿಗೆ ಬದಲಾಗಿತ್ತು. ಕಾಲು ಅಗಲಿಸಿ, ತುಟಿ ಕಚ್ಚಿ, ಗೋಡೆ ಹಿಡಿದು ನಡೆಯುವನು. ಕುರ್ಚಿಯ ಹತ್ತಿರ ಹೋಗಿ ಅದನ್ನೊಮ್ಮೆ ದುಃಖದಿಂದ ನೋಡಿ ಹಿಂದಿರುಗುವನು.

"ಡಾಕ್ಟ್ರೇ, ನೋಡಿ ನೋಡಿ, ಬಾತುಕೋಳಿ ಬಂತು," ಎಂದ ಕ್ವಾಕೊ, ಅಷ್ಟೇನೂ ಮೆಲ್ಲಗಲ್ಲದ ದನಿಯಲ್ಲಿ.

ಜೈಲರ್ ಸರಳುಗಳ ಮುಂದೆ ನಿಂತ. ಪುಣ್ಯಕ್ಕೆ ಅವನ ಕಿವಿಗೆ ಬಿದ್ದದ್ದು ಬಾತುಕೋಳಿಯಲ್ಲ.

"ಯಾರೋ ಇಲ್ಲಿ ಡಾಕ್ಟ್ರು?"

"ಇವ್ರೇ ಸ್ವಾಮಿ. ನಮ್ ಹಡಗಿನ ಡಾಕ್ಟ್ರು. ಹದಿನೆಂಟು ವರ್ಷ ಅನುಭವ," ಎಂದ ಕ್ವಾಕೊ.

"ಕಪ್ಪು ಡಾಕ್ಟ್ರಾ?"

"ನಮ್ ಕಡೆ ಹಡಗಲ್ಲೆಲ್ಲಾ ಹೆಚ್ಚಿಗೆ ಹೀಗೇ ಸ್ವಾಮಿ. ಬಿಳಿ ಡಾಕ್ಟ್ರು ಸಿಕ್ಕಿದ್ರೆ ಯಾರೂ ತಿನ್ನಲ್ಲ... ಅಂದ್ರೆ, ಯಾರೂ ನಂಬಲ್ಲ."

ಪೆಲೆಗ್ ಎದ್ದು ನಿಂತ. 'ಸ್ವಾಮಿ, ಇದು ಬರೀ ಕರೆಯೋ ಹೆಸರು, ನಾನು ಅಡುಗೆಯವನು' ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಜೋಡಿಸಿದ. 'ಬರೀ' ಎಂದರೆ ಜೈಲರ್ ಬೇಜಾರಾದಾನೆಂದು ಅದನ್ನು ತೆಗೆದ. 'ಸ್ವಾಮಿ'ಯನ್ನು ಕೊನೆಗೆ ಹಾಕಿದ. ವಾಕ್ಯ ಒಪ್ಪವಾಗಿ ಬಾಯಿಗೆ ಬರುವಷ್ಟರಲ್ಲಿ ಜೈಲರ್ ಬಾಗಿಲು ತೆರೆದು ಒಳಗೆ ಬಂದು, ಬೆನ್ನು ತಿರುಗಿಸಿ, ಚಲ್ಲಣ ಇಳಿಸಿಯಾಗಿತ್ತು.

ಅಂಥ ಕುಂಡಿಯನ್ನು ಎದುರಿಗಿಟ್ಟುಕೊಂಡು ತಿದ್ದುಪಡಿ ಹೇಳುವ ಧೈರ್ಯ ಪೆಲೆಗ್‌ಗಿರಲಿಲ್ಲ.

ಎಡಗಡೆ, ಕೋಳಿಮೊಟ್ಟೆ ಗಾತ್ರದ ಕುರು. ಮೂವರೂ ನೋಡಿದರು. ಗ್ರೀನಿಜ್ ಸೂಜಿಯಿದ್ದ ಕೈಯನ್ನು ತಡೆದು ಹಿಡಿದ. ಅಷ್ಟು ಹತ್ತಿರ ಅಷ್ಟು ದೊಡ್ಡ ಗುರಿ ಸಿಕ್ಕಿದ್ದರೂ ತಡೆದುಕೊಂಡದ್ದು ಅವನ ದೊಡ್ಡತನ.

"ಊರಿನ ಡಾಕ್ಟ್ರು ಪಾದರಸ ಕೊಟ್ಟ. ಜಿಗಣೆ ಬಿಟ್ಟ. ಜಿಗಣೆ ಸತ್ತೋಯ್ತು," ಎಂದ ಜೈಲರ್ ಗೋಡೆಗೆ. ಗೋಡೆಗೆ ಹೇಳಿದ್ದಕ್ಕೆ ಕಾರಣವಿತ್ತು. ಆ ಊರಿನಲ್ಲಿ ಕಪ್ಪು ಮನುಷ್ಯನಿಗೆ ಬಹುವಚನ ಹಾಕಿದರೆ ಮರ್ಯಾದೆ ಹೋಗುತ್ತದೆ; ಡಾಕ್ಟರಿಗೆ, ಅದೂ ಈ ಭಂಗಿಯಲ್ಲಿ, ಏಕವಚನ ಹಾಕಿದರೆ ಪ್ರಾಣ ಹೋದೀತು. ಹೀಗಾಗಿ ಜೈಲರ್ ಅಂದಿನಿಂದ ಪೆಲೆಗ್‌ನನ್ನು ಏನೂ ಅನ್ನದೆ, ಸುತ್ತಮುತ್ತ ಇದ್ದ ವಸ್ತುಗಳಿಗೆ ಮಾತಾಡತೊಡಗಿದ.

ಪೆಲೆಗ್ ಬೆರಳಿನಿಂದ ಮುಟ್ಟಿ ನೋಡಿದ. ಅನ್ನ ಬೆಂದಿದೆಯೇ ಎಂದು ಹದಿನೆಂಟು ವರ್ಷ ನೋಡಿದ ಬೆರಳಿಗೆ ಕುರು ಹಣ್ಣಾಗಿದೆಯೇ ಎಂದು ನೋಡುವುದು ಕಷ್ಟವಲ್ಲ. ಇನ್ನೊಂದು ಕುದಿ ಬೇಕಿತ್ತು. ಹಡಗಿನಲ್ಲಿ ಬೇರೆ ವೈದ್ಯರಿಲ್ಲದ್ದರಿಂದ ಖಲಾಸಿಗಳ ಕುರುಗಳಿಗೆಲ್ಲ ಬಿಸಿ ಪಟ್ಟು ಹಾಕುತ್ತಿದ್ದವನೂ ಅವನೇ.

"ಮೆಕ್ಕೆಜೋಳದ ಹಿಟ್ಟು ಬೇಕು ಸ್ವಾಮಿ. ಈರುಳ್ಳಿ, ಕಾಕಂಬಿ, ಹಂದಿ ಕೊಬ್ಬು. ಒಂದು ಬಾಣಲೆ, ಬೆಂಕಿ."

"ಎಷ್ಟು ಹಿಟ್ಟು ಬೇಕಂತೆ?" ಎಂದು ಜೈಲರ್ ಕಿಟಕಿಯನ್ನು ಕೇಳಿದ.

ಪೆಲೆಗ್ ಇಲ್ಲದ ಧೈರ್ಯವನ್ನು ಎಳೆದು ತಂದುಕೊಂಡ. "ನಾಲ್ಕು ಸೇರು. ಅರ್ಧ ಹೊರಗೆ ಹಚ್ಚೋದಕ್ಕೆ. ಅರ್ಧ ಒಳಗೆ ತಗೊಳ್ಳೋದಕ್ಕೆ."

ಯಾರ ಒಳಗೆ ಎಂದು ಜೈಲರ್ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಸುಳ್ಳಾಗುತ್ತದೆಯೇ ಎಂದು ಪೆಲೆಗ್ ಚಿಂತಿಸಿದ. ಆ ಮಧ್ಯಾಹ್ನ ಹಂದಿ ಕೊಬ್ಬಿನಲ್ಲಿ ಹುರಿದ ಜೋಳದ ರೊಟ್ಟಿಯನ್ನು ಕಾಕಂಬಿಯಲ್ಲಿ ಅದ್ದಿ ತಿನ್ನುತ್ತ ಕ್ವಾಕೊ, "ಡಾಕ್ಟ್ರೇ, ಇದು ಅರ್ಧ ಸುಳ್ಳೂ ಅಲ್ಲ. ನೀವು ಅಡುಗೆ ಮಾಡಿದ್ರಿ, ಅವನು ಅದನ್ನ ಬಾಯಿಗೆ ಬದಲು ಹಿಂದೆ ಹಚ್ಕೊಂಡ. ಅಷ್ಟೇ," ಎಂದು ಸಮಾಧಾನ ಮಾಡಿದ. ಹುಳು ಬಿದ್ದ ಅಂಬಲಿ ಕುಡಿದು ಕುಡಿದು ಸೊರಗಿದ್ದ ಗ್ರೀನಿಜ್ ಮೂರು ರೊಟ್ಟಿ ತಿಂದು ಮೊದಲ ಬಾರಿಗೆ ನಕ್ಕ.

ಮೂರನೆಯ ದಿನ ಬೆಳಿಗ್ಗೆ ಕುರು ಒಡೆಯಿತು. ಜೈಲರ್ ಕುರ್ಚಿಯ ಮೇಲೆ ಕುಳಿತ. ಎದ್ದು ಮತ್ತೆ ಕುಳಿತ. ಕಣ್ಣಲ್ಲಿ ನೀರು ತುಂಬಿಕೊಂಡು ಊರಿಗೆಲ್ಲ ಹೇಳಿದ. ಮರುದಿನ ಅವನ ಅತ್ತೆ ಕೆಮ್ಮುತ್ತ ಬಂದಳು. ಪೆಲೆಗ್ ಈರುಳ್ಳಿ ರಸಕ್ಕೆ ಕಾಕಂಬಿ ಬೆರೆಸಿ ಕೊಟ್ಟ. ಕೆಮ್ಮು ನಿಂತಿತು. ಅತ್ತೆಯ ಬಾಯಿ ಮತ್ತೆ ಶುರುವಾದದ್ದರಿಂದ ಜೈಲರನಿಗೆ ಅಷ್ಟೊಂದು ಖುಷಿಯಾಗಲಿಲ್ಲ, ಆದರೆ ಕೈಗುಣ ಒಪ್ಪಿಕೊಳ್ಳಲೇಬೇಕಾಯಿತು.

ಗುರುವಾರ ಬೆಳಿಗ್ಗೆ ಜೈಲರ್ ನಗುನಗುತ್ತ ಬಂದು ಸರಳಿಗೆ ಒರಗಿದ. ಕೈಯಲ್ಲೊಂದು ಚೀಟಿ.

"ಒಂದು ಒಳ್ಳೇ ಸುದ್ದಿ," ಎಂದು ಬೀಗಕ್ಕೆ ಹೇಳಿದ. "ನಿಮ್ ಕಪ್ತಾನನಿಗೆ ಬರೆದಿದ್ದೆ. ಡಾಕ್ಟ್ರನ್ನ ಇಲ್ಲೇ ಬಿಡು, ಇಬ್ಬರ ಖರ್ಚೂ ಬೇಡ, ಇನ್ನೊಬ್ಬನನ್ನ ಸುಮ್ನೆ ಕರ್ಕೊಂಡು ಹೋಗು ಅಂತ. ಸಂತೋಷವಾಗಿ ಒಪ್ಪಿದಾನೆ. ಮಧ್ಯಾಹ್ನ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ. ಸಂಜೆ ಉಬ್ಬರ ಇಳಿಯೋ ಹೊತ್ತಿಗೆ ಹಡಗು ಹೊರಡುತ್ತೆ. ಆಮೇಲೆ ಹರಾಜಲ್ಲಿ ನಾನೇ ಕೂಗ್ತೀನಿ. ಹೊಲಗಿಲ ಅಂತ ಕಷ್ಟ ಇರಲ್ಲ. ಮನೇಲೇ ಇರ್ಬೋದು."

ಪೆಲೆಗ್ ಎರಡೂ ಕೈಯಿಂದ ಸರಳು ಹಿಡಿದುಕೊಂಡ. ಕೆಲವು ದಿನದ ಹಿಂದೆ ಜೋಡಿಸಿಟ್ಟಿದ್ದ ಆ ವಾಕ್ಯ ತಾನಾಗಿಯೇ ಹೊರಬಿತ್ತು. "ನಾನು ಡಾಕ್ಟ್ರಲ್ಲ ಸ್ವಾಮಿ! ಅಡುಗೆಯವನು! ಅದು ಕರೆಯೋ ಹೆಸರು!"

ಜೈಲರ್ ಗಹಗಹಿಸಿ ನಕ್ಕ. "ನೋಡ್ದಾ ವಿನಯ! ನಮ್ಮೂರಿನ ಡಾಕ್ಟ್ರಾಗಿದ್ರೆ ಅದೇ ಕುರೂನ ಬಂಗಾರದ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತಿದ್ದ."

"ದೇವರಾಣೆ ಸ್ವಾಮಿ! ಅದು ಬರೀ ರೊಟ್ಟಿ ಹಿಟ್ಟು!"

"ಆ ಗುಟ್ಟು ಯಾರಿಗೂ ಹೇಳಲ್ಲ ನಾನು," ಎಂದು ಜೈಲರ್ ಬೀಗಕ್ಕೆ ಕಣ್ಣು ಮಿಟುಕಿಸಿ, ಕ್ವಾಕೊನನ್ನು ಹೊರಗೆ ಕರೆದ.

ಕ್ವಾಕೊನ ಮುಖ ಬೂದಿಯಾಗಿತ್ತು. "ಡಾಕ್ಟ್ರೇ... ನಾನು ಸುಮ್ನೆ ತಮಾಷೆಗೆ... ನನ್ನ ನಾಲಿಗೆ ಕತ್ತರಿಸಬೇಕು."

"ಫೀಬಿಗೆ ಹೇಳು," ಎಂದ ಪೆಲೆಗ್. "ಈ ಸಲ ಒಂದೂ ಇಲ್ಲ ಅಂತ ಹೇಳು."

"ನೀವೇ ಹೇಳ್ತೀರಿ. ನಾನು ಏನಾದ್ರೂ ಮಾಡ್ತೀನಿ."

ಅದೇ ಪೆಲೆಗ್‌ನ ಹೆದರಿಕೆಯೂ ಆಗಿತ್ತು. ಕ್ವಾಕೊ 'ಏನಾದರೂ' ಮಾಡಿದಾಗಲೆಲ್ಲ ಏನಾದರೂ ಆಗುತ್ತಿತ್ತು.

ಬಾಗಿಲು ಮುಚ್ಚಿತು. ಗ್ರೀನಿಜ್ ದಾರ ಕಚ್ಚಿ ಕತ್ತರಿಸಿದ. "ಅಂತೂ ನಿಂಗೂ ದಿನ ಗೊತ್ತಾಯ್ತು. ನಂದು ಈ ಸೋಮವಾರ, ನಿಂದು ಮುಂದಿನ ಸೋಮವಾರ ಇರ್ಬೋದು. ಅದೇ ಮೆಟ್ಟಿಲು. ನಾನು ಮೊದಲು ಹೋಗಿ ಒರೆಸಿಟ್ಟಿರ್ತೀನಿ ಬಿಡು."

"ನಿಂಗೆ ಭಯ ಆಗಲ್ವಾ ಅಣ್ಣಾ?"

ಗ್ರೀನಿಜ್ ಅಂಗಿ ಎತ್ತಿ ಬೆಳಕಿಗೆ ಹಿಡಿದ. "ಇದನ್ನ ಎಷ್ಟನೇ ಸಲ ಹೊಲೀತಿದೀನಿ ಅಂತ ಎಣಿಸಿದೀಯಾ?" ಎಂದು ಕೇಳಿದ. "ಎಣಿಸಬೇಡ."

ಮಧ್ಯಾಹ್ನ ಜೈಲರ್ ಟೋಪಿ ಹಾಕಿಕೊಂಡು, ಸಹಿಯ ಕಾಗದ ಹಿಡಿದುಕೊಂಡು ಹೊರಟದ್ದನ್ನು ಪೆಲೆಗ್ ಕಿಟಕಿಯಿಂದ ನೋಡಿದ. ಏನು ಚಂದದ ನಡಿಗೆ! ಎರಡೂ ಕಾಲು ಜೋಡಿಯಾಗಿ, ಸೊಂಟ ನೆಟ್ಟಗೆ. ತಾನು ಮಾಡಿದ ಕೆಲಸ ಅಷ್ಟು ಚೆನ್ನಾಗಿ ನಡೆದುಹೋಗುವುದನ್ನು ನೋಡಿ ಪೆಲೆಗ್‌ಗೆ ಅಳು ಬಂತು.

ಒಂದು ಗಂಟೆಯೂ ಆಗಿರಲಿಲ್ಲ, ಅದೇ ಜೈಲರ್ ಅದೇ ಬೀದಿಯಲ್ಲಿ ಓಡಿ ಬಂದ. ಟೋಪಿಯಿಲ್ಲ. ಮುಖದ ಕೆಂಪೆಲ್ಲ ಇಳಿದುಹೋಗಿದೆ. ಮೂಗಿಗೆ ವಿನೆಗರಿನಲ್ಲಿ ಅದ್ದಿದ ಕರವಸ್ತ್ರ. ಕೋಣೆಯಿಂದ ಆರು ಅಡಿ ದೂರ ನಿಂತ.

"ಡಾಕ್ಟ್ರೇ!" ಎಂದ. ಗೋಡೆಗಲ್ಲ, ಬೀಗಕ್ಕಲ್ಲ. ನೇರವಾಗಿ ಪೆಲೆಗ್‌ಗೆ. "ನಿಮ್ಮ ಹಡಗಲ್ಲಿ ಏನಾಗಿದೆ?"

"ಏನಾಯ್ತು ಸ್ವಾಮಿ?"

"ಕಟ್ಟೆ ಹತ್ರ ಹೋದ್ರೆ, ಎಲ್ಲಾ ಖಲಾಸಿಗಳು ಹಡಗಿನ ಅಂಚಲ್ಲಿ ನಿಂತ್ಕೊಂಡು ಬೊಬ್ಬೆ ಹೊಡೀತಿದಾರೆ! 'ನಮ್ಮ ಡಾಕ್ಟ್ರನ್ನ ಕೊಡಿ! ಡಾಕ್ಟ್ರಿಲ್ದೆ ಸಾಯ್ತೀವಿ! ಹೊಟ್ಟೆ ಹೋಯ್ತು!' ಅಂತ. ಡಾಕ್ಟ್ರು ಬರೋ ತನಕ ಲಂಗರು ಎತ್ತಲ್ವಂತೆ. ಕಪ್ತಾನ ಕೋಣೆ ಒಳಗೆ ಚಿಲಕ ಹಾಕ್ಕೊಂಡು ಕೂತಿದಾನೆ. ನಿಜ ಹೇಳಿ. ಏನು ಕಾಯಿಲೆ?"

ಪೆಲೆಗ್‌ಗೆ ಕೂಡಲೇ ಅರ್ಥವಾಯಿತು. ತಾನಿಲ್ಲದ ಇಷ್ಟು ದಿನವೂ ಅಡುಗೆ ಮಾಡುತ್ತಿರುವವನು ಕಪ್ತಾನನ ಕೈಕೆಳಗಿನ ಮೇಟ್ ಓಬೆಡ್. ನೀರನ್ನೂ ಸೀಯಿಸಬಲ್ಲ ಮನುಷ್ಯ. ಇದು ಹಸಿವಿನ ದಂಗೆ. ಹಾಗೆಂದು ಹೇಳಲು ಬಾಯಿ ತೆರೆದ. ಆಗ ಗ್ರೀನಿಜ್ ಹಿಂದಿನಿಂದ, ಸೂಜಿಯಿಂದಲೇ, ಅವನ ಕುಂಡಿಗೆ ಮೆತ್ತಗೆ ಚುಚ್ಚಿದ.

ಬೆಳಿಗ್ಗೆ ನಿಜ ಹೇಳಿದಾಗ ಯಾರೂ ನಂಬಲಿಲ್ಲ ಎಂಬುದು ಪೆಲೆಗ್‌ಗೆ ನೆನಪಾಯಿತು. ಸರಿ, ನಿಜವನ್ನೇ ಹೇಳೋಣ ಎಂದುಕೊಂಡ. ಕೇಳಿದಷ್ಟಕ್ಕೇ.

"ನಾನು ಕಣ್ಣಾರೆ ನೋಡಿಲ್ಲ ಸ್ವಾಮಿ. ಆದ್ರೆ ನಾನಿಲ್ದೇ ಇಷ್ಟು ದಿನ ಆಯ್ತಲ್ಲ, ಹೊಟ್ಟೆ ಕೆಟ್ಟಿರೋದು ಖಂಡಿತ."

"ವಾಂತಿ ಇರುತ್ತಾ?"

ಓಬೆಡ್‌ನ ಬೀನ್ಸ್ ಗಂಜಿ ನೆನೆದು ಪೆಲೆಗ್ ಕಣ್ಣು ಮುಚ್ಚಿದ. "ಇರದೆ ಇರೋಕೆ ಸಾಧ್ಯವೇ ಇಲ್ಲ."

ಜೈಲರ್ ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡ. "ಯಾ... ಯಾವ ಬಣ್ಣ?"

ಓಬೆಡ್ ಪ್ರತಿಯೊಂದನ್ನೂ ಒಂದೇ ಬಣ್ಣಕ್ಕೆ ತರುತ್ತಿದ್ದ. ತಳ ಹತ್ತಿದ ಪಾತ್ರೆಯ ಬಣ್ಣ. "ಕಪ್ಪು ಇರ್ಬೇಕು ಸ್ವಾಮಿ," ಎಂದ ಪೆಲೆಗ್ ಪ್ರಾಮಾಣಿಕವಾಗಿ.

"ಕರಿ ವಾಂತಿ!" ಜೈಲರ್ ಗೋಡೆಗೆ ಆತುಕೊಂಡ. ಆ ತೀರದಲ್ಲಿ ಆಗಸ್ಟ್ ತಿಂಗಳಲ್ಲಿ ಕರಿ ವಾಂತಿ ಎಂದರೆ ಒಂದೇ ಅರ್ಥ, ಹಳದಿ ಜ್ವರ. ಮೂರು ದಿನದಲ್ಲಿ ಮನೆಮನೆ ಖಾಲಿ. "ಆ ಹಡಗಿಂದ ಬಂದು... ಆ ಕೈಯಿಂದ... ನನ್ನ..." ಎಂದು ತೊದಲಿದ. ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಎಡಗಡೆ ಮುಟ್ಟಿಕೊಂಡಿತು. "ಆರೋಗ್ಯದ ಅಧಿಕಾರಿಗೆ ಗೊತ್ತಾದ್ರೆ ನನ್ನನ್ನ ತಗೊಂಡು ಹೋಗಿ ಜ್ವರದ ದ್ವೀಪದಲ್ಲಿ ಕೂಡಿಹಾಕ್ತಾರೆ! ನಲವತ್ತು ದಿನ! ಅತ್ತೇನೂ ಸೇರಿಸಿ!"

ಅತ್ತೆಯ ಮಾತು ಬಂದದ್ದೇ ತಡ, ಅವನು ಬೀಗ ತೆಗೆದ. "ಹೋಗಿ! ಈಗ್ಲೇ! ಹಿಂದಿನ ಓಣಿಯಿಂದ. ಹಡಗು ಹತ್ತಿ ಸುಮ್ನೆ ಹೋಗ್ಬಿಡಿ, ಯಾರಿಗೂ ಹೇಳಬೇಡಿ!"

"ಊಟದ ಖರ್ಚು ಸ್ವಾಮಿ?"

"ಬೇಡ ಕಣ್ರೀ!"

ಕಣ್ರೀ! ಬಹುವಚನದ ಮೇಲೆ 'ರೀ' ಕೂಡ ಬಂದೇಬಿಟ್ಟಿತ್ತು. ಪೆಲೆಗ್ ಬಾಗಿಲು ದಾಟಿದ. ಮೂರು ಹೆಜ್ಜೆ ನಡೆದು ಹಿಂದಿರುಗಿ ನೋಡಿದ. ಗ್ರೀನಿಜ್ ತನ್ನ ಜಾಗದಲ್ಲೇ ಕುಳಿತಿದ್ದ. ಕಣ್ಣೆತ್ತಲಿಲ್ಲ. ಹೊಲಿದು ಮುಗಿದಿದ್ದ ತೋಳಿನ ಹೊಲಿಗೆಯನ್ನು ಬಿಚ್ಚತೊಡಗಿದ್ದ.

ಪೆಲೆಗ್ ನಿಂತ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಪಾರಾಗುವ ದಾರಿ ಇಲ್ಲಿರಲಿಲ್ಲ. ಜೈಲರ್ ಏನನ್ನೂ ಕೇಳಿರಲೇ ಇಲ್ಲ. ತಾನಾಗಿಯೇ ಬಾಯಿ ತೆರೆದು, ಒಂದು ಪೂರ್ತಿ ಸುಳ್ಳನ್ನು, ಅರ್ಧವಲ್ಲ ಕಾಲಲ್ಲ, ಹೇಳಬೇಕಿತ್ತು. ಫೀಬಿಯ ಮುಖ ಕಂಡಿತು.

"ಅವನೂ ನಮ್ಮ ಹಡಗಿನವನೇ ಸ್ವಾಮಿ," ಎಂದ.

"ಅವನು ಇಂಗ್ಲಿಷ್ ಹಡಗಿನವನಲ್ವಾ?"

"ನಮ್ಮವನು. ಎಲ್ಲರಿಗಿಂತ ಮೊದಲು ಜ್ವರ ಬಂದದ್ದೇ ಅವನಿಗೆ."

ಒಂದು ಎಂದುಕೊಂಡಿದ್ದದ್ದು ಎರಡಾಯಿತು. ಗ್ರೀನಿಜ್ ಮೂರು ವಾರದಿಂದ ಯಾರೂ ಕೇಳಿರದಂಥ ಕೆಮ್ಮನ್ನು ಕೆಮ್ಮಿದ. ಜೈಲರ್ ಅಂಗಳದ ತುದಿಗೆ ಓಡಿ ಅಲ್ಲಿಂದಲೇ ಕೂಗಿದ: "ಅವನನ್ನೂ ಕರ್ಕೊಂಡು ಹೋಗ್ರೀ!"

ಓಣಿಯ ಅರ್ಧಕ್ಕೆ ಬಂದಾಗ ಪೆಲೆಗ್ ಮತ್ತೆ ನಿಂತ. "ನನ್ನ ಕಾಗದ!"

"ಯಾವ ಕಾಗದನೋ ಮಾರಾಯಾ!" ಎಂದ ಗ್ರೀನಿಜ್.

"ಖಲಾಸಿ ಕಾಗದ. ನಾನು ಸ್ವತಂತ್ರ ಅಂತ ಬರೆದಿರೋದು. ಎಡಗೈ ಮಣಿಕಟ್ಟಲ್ಲಿ ಎಣ್ಣೆ ಸಿಡಿದ ಕಲೆ ಅಂತ ಕೂಡ ಬರೆದಿದೆ. ಜೈಲರ್ ಮೇಜಲ್ಲಿದೆ."

"ಜೈಲಿಂದ ಓಡಿಹೋಗ್ತಾ ಇರೋನು, ಓಡಿಹೋಗೋಕೆ ನಂಗೆ ಹಕ್ಕಿದೆ ಅನ್ನೋ ಕಾಗದ ತರೋಕೆ ಜೈಲಿಗೆ ವಾಪಸ್ ಹೋಗ್ತೀಯಾ?"

ಪೆಲೆಗ್ ಹೋದ. ಜೈಲರ್ ಆ ಕಾಗದವನ್ನು ಇಕ್ಕಳದಲ್ಲಿ ಹಿಡಿದು ಕಿಟಕಿಯಿಂದ ಎಸೆದ.

ಹಡಗಿನಲ್ಲಿ ಹನ್ನೊಂದು ಜನ ಸೊರಗಿದ ಖಲಾಸಿಗಳು ಪೆಲೆಗ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕ್ವಾಕೊ ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. "ನಾನೇನೂ ಮಾಡ್ಲಿಲ್ಲ ಡಾಕ್ಟ್ರೇ. ಕಪ್ತಾನ ನಿಮ್ಮನ್ನ ಬಿಟ್ಟು ಹೋಗ್ತಾನಂತೆ, ಊರು ಸೇರೋ ತನಕ ಓಬೆಡ್‌ದೇ ಅಡುಗೆ ಅಂತ ಒಂದೇ ಮಾತು ಹೇಳ್ದೆ. ಅಷ್ಟೇ. ದೊಡ್ಡ ದೊಡ್ಡ ಗಂಡಸರು ಅತ್ತುಬಿಟ್ರು."

ಗದ್ದಲ ಇಳಿದ ಮೇಲೆ ಕಪ್ತಾನ ಟ್ರಿಪ್ ಚಿಲಕ ತೆಗೆದು ಹೊರಗೆ ಬಂದ. ಪೆಲೆಗ್‌ನ ಕಣ್ಣು ತಪ್ಪಿಸಿ ಗ್ರೀನಿಜ್‌ನತ್ತ ಬೆರಳು ತೋರಿದ. "ಇವನ್ಯಾರು?"

ಎಲ್ಲರೂ ಪೆಲೆಗ್‌ನ ಬಾಯಿ ನೋಡಿದರು. "ನನ್ನ ಕಾಂಪೌಂಡರ್," ಎಂದ ಪೆಲೆಗ್.

"ಸಂಬಳ ಕೇಳ್ತಾನಾ?"

"ಪ್ರಾವಿಡೆನ್ಸ್ ತನಕ ಕೇಳಲ್ಲ."

"ಹಾಗಾದ್ರೆ ಇರ್ಲಿ," ಎಂದು ಕಪ್ತಾನ ಲಂಗರು ಎತ್ತಲು ಹೇಳಿದ.

ಪೆಲೆಗ್ ತನ್ನ ಅಡುಗೆಕೋಣೆಗೆ ಹೋದ. ಒಲೆಯ ಮೇಲೆ ಓಬೆಡ್‌ನ ಕೊನೆಯ ಹಂಡೆ ಇತ್ತು. ಗ್ರೀನಿಜ್ ಬಾಗಿಲಲ್ಲಿ ಕುಳಿತು, ಹೇಳದೆಯೇ ಈರುಳ್ಳಿ ಸುಲಿಯತೊಡಗಿದ. ಈರುಳ್ಳಿಯಾದ್ದರಿಂದ ಅವನ ಕಣ್ಣಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಪೆಲೆಗ್ ಬೆರಳು ಮಡಚಿದ. ಗ್ರೀನಿಜ್ ನಮ್ಮವನು ಎಂದದ್ದು ಒಂದು. ಜ್ವರ ಬಂತು ಎಂದದ್ದು ಎರಡು. ಕಾಂಪೌಂಡರ್ ಮೂರು; ಅಲ್ಲ, ಈರುಳ್ಳಿ ಸುಲಿಯುತ್ತಿದ್ದಾನಲ್ಲ, ಅದು ಈಗ ನಿಜ. ಹಾಗೆ ನೋಡಿದರೆ ನಮ್ಮವನು ಎಂದದ್ದೂ ಹಡಗು ಹತ್ತಿದ ಕೂಡಲೇ ನಿಜವಾಯಿತು. ಉಳಿದದ್ದು ಜ್ವರ ಒಂದೇ. ಅದಲ್ಲದೆ ಕರಿ ವಾಂತಿ. ಅದನ್ನು ಊಹೆ ಎಂದು ಹೇಳಿದ್ದು ಹೌದು, ಆದರೆ ಊಹೆ ತಪ್ಪಾಗಿದ್ದರೆ? ಅರ್ಧ ಎಂದು ಹಿಡಿಯಬೇಕಾದೀತೇ? ಫೀಬಿ ಬಿಡುವವಳಲ್ಲ. ತಿಳಿದುಕೊಳ್ಳಲು ಇದ್ದದ್ದು ಒಂದೇ ದಾರಿ. ಅವನು ಸೌಟು ತೆಗೆದುಕೊಂಡು ಓಬೆಡ್‌ನ ಬೀನ್ಸ್ ಗಂಜಿಯನ್ನು ಒಂದು ದೊಡ್ಡ ಗುಟುಕು ಕುಡಿದ.

ಹಡಗಿನ ಅಂಚಿಗೆ ತಲುಪುವಷ್ಟು ಸಮಯ ಸಿಕ್ಕಿದ್ದೇ ಹೆಚ್ಚು. ಕ್ವಾಕೊ ಓಡಿ ಬಂದು ಬೆನ್ನು ಸವರಿದ. ಪೆಲೆಗ್ ಬಾಯಿ ಒರೆಸಿಕೊಂಡು, ಕೆಳಗೆ ನೀರಿನ ಮೇಲೆ ತೇಲಿ ಹೋಗುತ್ತಿದ್ದದ್ದನ್ನು ಬಗ್ಗಿ ಬಗ್ಗಿ, ಗಮನವಿಟ್ಟು ನೋಡಿದ.

"ಯಾವ ಬಣ್ಣ ಕ್ವಾಕೊ? ಸರಿಯಾಗಿ ನೋಡಿ ಹೇಳು."

"ಕಪ್ಪು ಡಾಕ್ಟ್ರೇ. ಮಸಿ ಇದ್ದ ಹಾಗಿದೆ. ಯಾಕೆ?"

"ಸದ್ಯ," ಎಂದ ಪೆಲೆಗ್, ಒಂದು ಬೆರಳನ್ನಷ್ಟೇ ಮಡಚಿಟ್ಟುಕೊಂಡು.